ಶಾಲೆ ದತ್ತು ತಗೊಳ್ಳೋ ಮುಂಚೆ

ಮೂರನೇ ಸೆಮಿಸ್ಟರ್‌ನಲ್ಲಿ ‘ಸೋಶಿಯಲ್ ಕನೆಕ್ಟ್’ ಅಂತ ಒಂದು ಕೋರ್ಸ್ ಇದೆಯಲ್ಲ, ಅದರಲ್ಲಿ ಗಿಡ ನೆಟ್ಟು ದತ್ತು ತಗೊಳ್ಳೋದೂ ಒಂದು ಚಟುವಟಿಕೆ. ಈಗ ಕ್ಯಾಂಪಸ್‌ನಲ್ಲಿ ಇನ್ನೊಂದು ಮಾತು ಓಡಾಡ್ತಿದೆ. ಗಿಡದ ಹಾಗೇ ಹತ್ತಿರದ ಒಂದು ಸರ್ಕಾರಿ ಶಾಲೆಯನ್ನೂ ದತ್ತು ತಗೊಳ್ಳೋಣ ಅಂತ. ಗೋಡೆಗೆ ಬಣ್ಣ, ಒಂದು ಸ್ಮಾರ್ಟ್ ಟಿವಿ, ನಾಲ್ಕು ಕಂಪ್ಯೂಟರ್, ಬಾಗಿಲ ಮೇಲೆ ಕಾಲೇಜಿನ ಹೆಸರು. ಉದ್ದೇಶ ಒಳ್ಳೆಯದೇ. ಆದರೆ ದತ್ತು ಅನ್ನೋ ಪದವೇ ನಮಗೆ ಸರಿ ಕಾಣ್ತಿಲ್ಲ. ಆ ಶಾಲೆ ಅನಾಥವಲ್ಲ. ಅಲ್ಲಿ ಮೇಷ್ಟ್ರಿದ್ದಾರೆ, ಎಸ್‌ಡಿಎಂಸಿ ಇದೆ, ಊರಿದೆ. ಅವರ ಜೊತೆ ಕೈ ಜೋಡಿಸಬಹುದು, ಅಷ್ಟೇ. ಹೇಗೆ ಜೋಡಿಸ್ತೀವಿ ಅನ್ನೋದರ ಮೇಲೇ ಎಲ್ಲ ನಿಂತಿದೆ.

ಸರ್ಕಾರಿ ಶಾಲೆಗೆ ಹೊರಗಿನವರು ಕೈ ಹಾಕಿದರೆ ಏನಾಗುತ್ತೆ ಅಂತ ನಿಜಕ್ಕೂ ಅಳೆದು ನೋಡಿದ ದೇಶ ಒಂದಿದೆ, ಪಶ್ಚಿಮ ಆಫ್ರಿಕಾದ ಲೈಬೀರಿಯಾ. ಯುದ್ಧ, ಆಮೇಲೆ ಎಬೋಲಾ, ಎರಡೂ ಸೇರಿ ಅಲ್ಲಿನ ಶಾಲೆಗಳನ್ನು ಹಾಳು ಮಾಡಿದ್ದವು. 2016ರಲ್ಲಿ ಸರ್ಕಾರ 93 ಶಾಲೆಗಳ ನಿರ್ವಹಣೆಯನ್ನು ಎಂಟು ಸಂಸ್ಥೆಗಳಿಗೆ ಒಪ್ಪಿಸಿತು. ಬಾಂಗ್ಲಾದೇಶದ ಬ್ರ್ಯಾಕ್ ಥರದ ಲಾಭ ನೋಡದ ಸಂಸ್ಥೆಗಳೂ ಇದ್ದವು, ಬ್ರಿಡ್ಜ್ ಥರದ ಕಂಪನಿಗಳೂ ಇದ್ದವು. ಮಕ್ಕಳಿಗೆ ಫೀಸ್ ಇಲ್ಲ, ಮೇಷ್ಟ್ರ ಸಂಬಳ ಸರ್ಕಾರದ್ದೇ. ಸಂಸ್ಥೆಗಳಿಗೆ ಒಂದು ಮಗುವಿಗೆ ವರ್ಷಕ್ಕೆ ಸುಮಾರು 50 ಡಾಲರ್ ಹೆಚ್ಚುವರಿ ಹಣ. ನಮ್ಮ ಲ್ಯಾಬ್ ಥರಾನೇ, ಯಾವ ಶಾಲೆ ಕೊಡೋದು ಯಾವುದು ಬಿಡೋದು ಅಂತ ಲಾಟರಿ ಎತ್ತಿ, ಎರಡನ್ನೂ ಹೋಲಿಸಿದರು.

ಒಂದು ವರ್ಷದಲ್ಲಿ ಕಲಿಕೆ 0.18 ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು ಏರಿತು. ಇದು ಚಿಕ್ಕ ಸಂಖ್ಯೆ ಅನ್ನಿಸಬಹುದು, ಆದರೆ ಶಿಕ್ಷಣದ ಪ್ರಯೋಗಗಳಲ್ಲಿ ಇಷ್ಟು ಬಂದರೂ ದೊಡ್ಡದೇ. ಹೇಳದೆ ಕೇಳದೆ ಹೋಗಿ ನೋಡಿದಾಗ ಮಾಮೂಲಿ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಮೇಷ್ಟ್ರು ಸಿಕ್ಕರೆ, ಈ ಶಾಲೆಗಳಲ್ಲಿ 60 ಜನ ಸಿಕ್ಕರು. ಇಲ್ಲಿವರೆಗೂ ಚೆನ್ನಾಗಿದೆ.

ಆದರೆ ಒಪ್ಪಂದದಲ್ಲಿ ಬರೆಯದೇ ಬಿಟ್ಟಿದ್ದೆಲ್ಲ ಆಮೇಲೆ ಹೊರಗೆ ಬಂತು. ತರಗತಿಗೆ ಇಷ್ಟೇ ಮಕ್ಕಳು ಅಂತ ಬ್ರಿಡ್ಜ್ ಮಿತಿ ಹಾಕಿತು. ಮೊದಲಿಂದ ಅಲ್ಲೇ ಓದ್ತಿದ್ದ ಕೆಲವು ಮಕ್ಕಳು ಬೇರೆ ಕಡೆ ಹೋಗಬೇಕಾಯ್ತು. ಬೇಡವಾದ ಮೇಷ್ಟ್ರನ್ನೂ ಎತ್ತಂಗಡಿ ಮಾಡಿದರು. ಅವರೇನು ಮಾಯ ಆಗಲಿಲ್ಲ, ಇನ್ನೊಂದು ಸರ್ಕಾರಿ ಶಾಲೆಗೆ ಹೋದರು. ಹೊಸದಾಗಿ ತರಬೇತಿ ಮುಗಿಸಿದ ಒಳ್ಳೆಯ ಮೇಷ್ಟ್ರು ಮೊದಲು ಸಿಕ್ಕಿದ್ದು ಈ ಶಾಲೆಗಳಿಗೇ. ಕಸ ಗುಡಿಸಿ ಪಕ್ಕದ ಮನೆ ಮುಂದೆ ಹಾಕಿದ ಹಾಗೆ ಇದು. ನಮ್ಮ ಅಂಗಳ ಕ್ಲೀನು, ಬೀದಿ ಮಾತ್ರ ಹಾಗೇ ಇದೆ. ಕೆಲವು ಸಂಸ್ಥೆಗಳು ಆ 50 ಡಾಲರ್‌ಗಿಂತ ಎಷ್ಟೋ ಹೆಚ್ಚು ಖರ್ಚು ಮಾಡಿದ್ದವು ಬೇರೆ. ಅಷ್ಟು ದುಡ್ಡು ಇಡೀ ದೇಶಕ್ಕೆ ಎಲ್ಲಿಂದ ತರೋದು?

ಇದಕ್ಕೆ ಪೂರ್ತಿ ಬೇರೆ ಥರದ ಕಥೆ ಹುಡುಕೋಕೆ ಆಫ್ರಿಕಾಕ್ಕೇ ಹೋಗಬೇಕಾಗಿಲ್ಲ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಸಾಕು. 1995ರಲ್ಲಿ ಅಲ್ಲಿನ ಸರ್ಕಾರಿ ಶಾಲೆ ಮೇಷ್ಟ್ರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳಿಗೆ ಹೇಗೆ ಕಲಿಸ್ತಾರೆ ಅಂತ ನೋಡಿಬಂದರು. ನೆರವು ಯುನಿಸೆಫ್‌ನದು. ಆದರೆ ವಾಪಸ್ ಬಂದು ನಮ್ಮ ಮಕ್ಕಳಿಗೆ ಹೊಂದೋ ಹಾಗೆ ಕಾರ್ಡು, ಹಾಡು, ಆಟ ಎಲ್ಲ ಮಾಡಿದ್ದು ಮೇಷ್ಟ್ರೇ. ಅದೇ ನಲಿಕಲಿ. ಇದರಲ್ಲಿ ನಮಗೆ ತುಂಬ ಇಷ್ಟವಾಗೋದು ಕಲಿಕೆಯ ಏಣಿ. ರಾಗಿ ಕಟಾವು ಅಂತಲೋ ಜ್ವರ ಅಂತಲೋ ಹದಿನೈದು ದಿನ ಬರದ ಮಗು, ಬಂದ ದಿನ ತಾನು ಬಿಟ್ಟ ಮೆಟ್ಟಿಲಿಂದಲೇ ಮುಂದಕ್ಕೆ ಹತ್ತುತ್ತೆ. ಕ್ಲಾಸ್ ಅವನನ್ನು ಬಿಟ್ಟು ಓಡಿರಲ್ಲ. ಅಟೆಂಡೆನ್ಸ್ ಶಾರ್ಟೇಜ್ ಅಂದರೆ ಏನು ಅಂತ ಗೊತ್ತಿರೋ ನಮಗೆ ಇದರ ಬೆಲೆ ಬೇಗ ಅರ್ಥವಾಗಬೇಕು! 2009-10ರ ಹೊತ್ತಿಗೆ ನಲಿಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆಲ್ಲ ಬಂತು. ಅದಕ್ಕೂ ತೊಂದರೆಗಳಿವೆ. ತಾವೇ ಕೂತು ಮಾಡಿದ ಕಾರ್ಡಿಗೂ ಪ್ರಿಂಟಾಗಿ ಮೇಲಿಂದ ಬಂದ ಕಾರ್ಡಿಗೂ ವ್ಯತ್ಯಾಸ ಇದ್ದೇ ಇರುತ್ತೆ. ಆದರೂ ಹೊರಗಿನ ನೆರವು ಮುಗಿದ ಮೇಲೂ ಕೆಲಸ ಇಲಾಖೆಯ ಒಳಗೇ ಉಳಿಯಿತಲ್ಲ, ಲೈಬೀರಿಯಾಕ್ಕೂ ಇದಕ್ಕೂ ಇರೋ ಮುಖ್ಯ ವ್ಯತ್ಯಾಸ ಅದೇ ಅಂತ ನಮ್ಮ ಅಭಿಪ್ರಾಯ.

ಈಗ ನಮ್ಮ ಕಾಲೇಜಿನ ವಿಷಯ. ನಮ್ಮಲ್ಲಿ ಎಷ್ಟೋ ಜನ ಇಂಗ್ಲಿಷ್ ಮೀಡಿಯಂನವರು, ಸರ್ಕಾರಿ ಶಾಲೆ ಒಳಗೆ ಕಾಲಿಟ್ಟಿದ್ದು ಅಪ್ಪ ಅಮ್ಮನ ಜೊತೆ ವೋಟಿಂಗ್ ದಿನ ಮಾತ್ರ. ಆದರೆ ಸಿಇಟಿಯ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಯಲ್ಲಿ ಬಂದ ಗೆಳೆಯರು ನಮ್ಮ ಪಕ್ಕದ ಬೆಂಚಲ್ಲೇ ಇದ್ದಾರೆ. ಶಾಲೆಗೆ ಏನು ಬೇಕು ಅನ್ನೋ ಮೀಟಿಂಗಲ್ಲಿ ಮೊದಲು ಅವರು ಮಾತಾಡಲಿ, ಆಮೇಲೆ ಶಾಲೆಯ ಹೆಡ್‌ಮಾಸ್ಟರ್, ಎಸ್‌ಡಿಎಂಸಿಯವರು. ಬಣ್ಣದ ಕೊಟೇಶನ್ ಕೊನೆಗಿರಲಿ.

ಇನ್ನು ಕಂಪ್ಯೂಟರ್. ಇಂಜಿನಿಯರ್ ಆಗೋರಿಗೆ ಇದನ್ನು ಹೇಳಬೇಕಾ? ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯುತ್ತೆ. ಸತ್ತಾಗ ಯಾರಿಗೆ ಫೋನ್ ಮಾಡಬೇಕು, ದುಡ್ಡು ಯಾರದು ಅಂತ ಕೊಡೋ ದಿನವೇ ಬರೆದಿರಬೇಕು. ಶಾಲೆಯಲ್ಲಿ ಆಗಲೇ ಧೂಳು ಹಿಡಿದು ಕೂತಿರೋ ಮೆಷಿನ್ ಇದ್ದರೆ ಹೊಸದು ಕೊಳ್ಳೋ ಮುಂಚೆ ಅದನ್ನು ರಿಪೇರಿ ಮಾಡೋಣ. ಮೇಷ್ಟ್ರು ರಜೆ ಹಾಕಿದ ದಿನ ನಾವೇ ಕ್ಲಾಸ್ ತಗೊಂಡುಬಿಡೋಣ ಅನ್ನೋ ಐಡಿಯಾ ಕೂಡ ಬಂದಿದೆ, ನಮಗೆ ಅದು ಬೇಡ. ಇಂಟರ್ನಲ್ಸ್ ಬಂದರೆ ನಾವು ಮಾಯ. ಖಾಲಿ ಹುದ್ದೆ ತುಂಬಬೇಕಾದ್ದು ಸರ್ಕಾರ. ಬಿಟ್ಟಿ ವಾಲಂಟಿಯರ್ ಸಿಗ್ತಾರೆ ಅಂತಾದರೆ ಆ ಹುದ್ದೆಯನ್ನು ಕೇಳೋರೇ ಇರಲ್ಲ. ಮೇಷ್ಟ್ರು ಕೇಳಿದ ವಿಜ್ಞಾನದ ಮಾಡೆಲ್ ಮಾಡಿಕೊಡೋಣ, ಅವರು ಕರೆದಾಗ ಹೋಗೋಣ.

ಕಾಲೇಜಿಗೆ ನಮ್ಮ ಬೇಡಿಕೆ ಇಷ್ಟು. ಒಪ್ಪಂದ ಒಂದು ಸೆಮಿಸ್ಟರ್‌ಗಲ್ಲ, ನಾಲ್ಕು ವರ್ಷಕ್ಕೆ ಇರಲಿ. ಸೀನಿಯರ್ ಬ್ಯಾಚ್ ಜೂನಿಯರ್ ಬ್ಯಾಚಿಗೆ ಶಾಲೆಯಲ್ಲೇ, ಮೇಷ್ಟ್ರ ಮುಂದೆಯೇ ಕೆಲಸ ವಹಿಸಿಕೊಡಲಿ. ಬ್ಯಾನರ್ ಹಿಡಿದ ಫೋಟೋ ಅಂಟಿಸಿದ ರಿಪೋರ್ಟಿಗೆ ಮಾರ್ಕ್ಸ್ ಕೊಡೋದು ಬಿಟ್ಟು, ಒಂದು ವರ್ಷ ಆದ ಮೇಲೆ ಹೆಡ್‌ಮಾಸ್ಟರ್ ತಮ್ಮ ಕೈಯಾರೆ ಬರೆದುಕೊಟ್ಟ ಒಂದು ಪುಟಕ್ಕೆ ಕೊಡಲಿ. ಅದರಲ್ಲಿ ಬೈದಿದ್ದರೂ ಪರವಾಗಿಲ್ಲ, ನೋಟಿಸ್ ಬೋರ್ಡಿಗೆ ಹಾಕಲಿ.