ಕಿಡ್ನಿಯಲ್ಲಿ ಗಡ್ಡೆಯೇ? ಪೆಟ್ ಸ್ಕ್ಯಾನ್‌ಗೆ ಓಡಬೇಡಿ

ಊರಲ್ಲಿ ಅಪ್ಪನಿಗೆ ಗ್ಯಾಸ್ಟ್ರಿಕ್ ಅಂತ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದರೆ ಕಿಡ್ನಿಯಲ್ಲಿ ಗಡ್ಡೆ ಕಾಣುತ್ತದೆ. ಕಿಡ್ನಿ ಕ್ಯಾನ್ಸರ್ ಈಗ ಹೆಚ್ಚಾಗಿ ಸಿಗುವುದು ಹೀಗೇ, ಬೇರೇನೋ ಹುಡುಕುವಾಗ. ರಾತ್ರಿ ಬಸ್ಸಿಗೆ ಹತ್ತಿಸಿ ಪುಣೆಗೋ ಮುಂಬೈಗೋ ಕರೆಸಿಕೊಳ್ಳುತ್ತೀರಿ. ಆಗ ಮನೆಯಲ್ಲಿ ಯಾರಾದರೊಬ್ಬರು, "ಖರ್ಚಾದರೂ ಚಿಂತೆಯಿಲ್ಲ, ಪೆಟ್ ಸ್ಕ್ಯಾನೇ ಮಾಡಿಸಿಬಿಡೋಣ" ಅನ್ನುತ್ತಾರೆ.

ಡಾಕ್ಟರು ಕಾರಣ ಹೇಳಿ ಬರೆದುಕೊಡದ ಹೊರತು ಬೇಡ ಅನ್ನುವುದು ನನ್ನ ಅಭಿಪ್ರಾಯ. ದುಬಾರಿಯಾದದ್ದೇ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪೆಟ್‌ಗೆ ಕೊಡುವ ಸಕ್ಕರೆಯಂಥ ಔಷಧ ಮೂತ್ರದಲ್ಲೇ ಹೊರಹೋಗುವುದರಿಂದ ಸರಿಯಿರುವ ಕಿಡ್ನಿಯೂ ಹೊಳೆಯುತ್ತದೆ. ಎಷ್ಟೋ ಕಿಡ್ನಿ ಗಡ್ಡೆಗಳು ಅದನ್ನು ಹೆಚ್ಚು ಹೀರುವುದೂ ಇಲ್ಲ.

ಮುಖ್ಯ ಪರೀಕ್ಷೆ ಕಾಂಟ್ರಾಸ್ಟ್ ಕೊಟ್ಟು ಮಾಡುವ ಸಿಟಿ ಸ್ಕ್ಯಾನ್. ಗಡ್ಡೆಯೊಳಗೆ ಕೊಬ್ಬು ಕಂಡರೆ ಅದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಆ ಸಮಾಧಾನವೂ ಇದರಲ್ಲೇ ಸಿಗುತ್ತದೆ. ಕ್ಯಾನ್ಸರ್ 7 ಸೆಂಟಿಮೀಟರ್‌ವರೆಗೆ ಇದ್ದು ಕಿಡ್ನಿಯೊಳಗೇ ಇದ್ದರೆ ಮೊದಲ ಹಂತ. ಅದಕ್ಕಿಂತ ದೊಡ್ಡದಾಗಿಯೂ ಒಳಗೇ ಇದ್ದರೆ ಎರಡು. ಸುತ್ತಲಿನ ಕೊಬ್ಬಿಗೋ ರಕ್ತನಾಳಕ್ಕೋ ಹತ್ತಿರದ ಲಿಂಫ್ ಗ್ರಂಥಿಗೋ ಹೋಗಿದ್ದರೆ ಮೂರು. ಆ ಕೊಬ್ಬಿನ ಆಚೆಯ ಪೊರೆಯನ್ನೂ ದಾಟಿದ್ದರೆ, ಅಥವಾ ಶ್ವಾಸಕೋಶ, ಮೂಳೆಯಂಥ ದೂರದ ಜಾಗ ಸೇರಿದ್ದರೆ ನಾಲ್ಕು. ಈ ಅಳತೆ ಬರೀ ಕಾಗದದ ಮಾತಲ್ಲ. 4 ಸೆಂಟಿಮೀಟರ್ ಒಳಗಿನದಾದರೆ ಬಹಳಷ್ಟು ಸಲ ಗಡ್ಡೆಯನ್ನಷ್ಟೇ ತೆಗೆದು ಕಿಡ್ನಿ ಉಳಿಸಬಹುದು. "ಕಿಡ್ನಿ ಉಳಿಸಲು ಆಗುತ್ತದೆಯೇ?" ಎಂದು ಧೈರ್ಯವಾಗಿ ಕೇಳಿ.

ಈ ಕ್ಯಾನ್ಸರಿಗೆ ಒಂದು ವಿಚಿತ್ರ ಗುಣವಿದೆ. ಕಿಡ್ನಿಯಿಂದ ಹೊರಡುವ ರಕ್ತನಾಳದೊಳಗೆ ಬಾಲದ ಹಾಗೆ ಬೆಳೆದು, ಅಲ್ಲಿಂದ ದೊಡ್ಡ ಅಭಿಧಮನಿಗೆ, ಅಪರೂಪಕ್ಕೆ ಹೃದಯದವರೆಗೂ ಹೋಗುತ್ತದೆ. ಬಾಲ ಎಲ್ಲಿಗೆ ಮುಟ್ಟಿದೆ ಎಂದು ನೋಡಲು ಎಂಆರ್‌ಐ ಚೆನ್ನಾಗಿ ನೆರವಾಗುತ್ತದೆ. ಮೇಲೆ ಹೋಗಿದ್ದರೆ ಆಪರೇಷನ್‌ಗೆ ಹೃದಯದ ಸರ್ಜನ್ನರೂ ಬೇಕಾಗಬಹುದು. ಎದೆಯ ಸಿಟಿಯನ್ನೂ ಸಾಮಾನ್ಯವಾಗಿ ಮಾಡಿಸುತ್ತಾರೆ. ಮೂಳೆ ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ, ಮೂಳೆ ನೋವಿನಂಥ ಸೂಚನೆ ಇದ್ದರಷ್ಟೇ.

ಊರಲ್ಲೇ ಸಿಟಿ ಆಗಿದ್ದರೆ ರಿಪೋರ್ಟ್ ಮಾತ್ರವಲ್ಲ, ಸಿಡಿಯನ್ನೂ ತರಿಸಿ. ಸರ್ಜನ್ನರು ನೋಡುವುದು ಚಿತ್ರವನ್ನು. ಸಿಡಿ ಮರೆತರೆ ಅದೇ ಕಾಂಟ್ರಾಸ್ಟನ್ನು ಅದೇ ಕಿಡ್ನಿಗೆ ಇನ್ನೊಮ್ಮೆ ಕೊಡಬೇಕಾದೀತು. ಕ್ರಿಯಾಟಿನಿನ್ ರಿಪೋರ್ಟ್ ಕೈಯಲ್ಲಿರಲಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ, ಹಿಂದಿನ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಇನ್ನೊಂದು ವಿಷಯ ಯಾವ ಫಾರಂನಲ್ಲೂ ಇರುವುದಿಲ್ಲ. ಯಂತ್ರದೊಳಗೆ ಮಲಗಿದ ಅಪ್ಪನಿಗೆ "ಸಾಂಸ್ ರೋಕೋ" ಎಂದು ಹಿಂದಿಯಲ್ಲಿ ಕೂಗುತ್ತಾರೆ. ಅರ್ಥವಾಗದೆ ಉಸಿರಾಡಿದರೆ ಚಿತ್ರ ಮಸುಕಾಗುತ್ತದೆ. ಹಾಗೆಂದರೆ ಉಸಿರು ಹಿಡಿಯುವುದು, "ಛೋಡೋ" ಅಂದಾಗ ಬಿಡುವುದು ಎಂದು ಹಿಂದಿನ ರಾತ್ರಿಯೇ ನಾಲ್ಕು ಸಲ ಅಭ್ಯಾಸ ಮಾಡಿಸಿ. ಕಾಂಟ್ರಾಸ್ಟ್ ಹೋಗುವಾಗ ಮೈಯೆಲ್ಲ ಬಿಸಿಯಾಗಿ ಮೂತ್ರ ಹೋದಂತೆ ಅನ್ನಿಸುತ್ತದೆ, ಆದರೆ ಹೋಗಿರುವುದಿಲ್ಲ. ಇದನ್ನೂ ಹೇಳಿಡಿ, ಪಾಪ, ನಾಚಿಕೆಯಿಂದ ಮಿಸುಕಾಡುತ್ತಾರೆ.