ಬೋರ್ಡು ಬರೆಸುವ ಮೊದಲು



ಸಾಗಣೆ ಲಾರಿಗಳ ವೇಗ ತಗ್ಗಿಸಲು ಸಂಘದ ವತಿಯಿಂದ ಪ್ರಚಾರ ಕೈಗೊಳ್ಳಬೇಕೆಂದು ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಸೂಚನೆ ಬಂತು. ‘ಅವಸರವೇ ಅಪಘಾತಕ್ಕೆ ಕಾರಣ’ ಎಂದು ಬರೆಸಿ ಲಾರಿಗಳ ಹಿಂದೆ ಹಚ್ಚಿದರಾಯಿತು ಎಂದವರೇ ಹೆಚ್ಚು. ನಮಗೆ ಅದು ಸಾಲದೆನಿಸಿತು.

ಸಿಂಗಸಂದ್ರದಲ್ಲಿ ನಡೆದದ್ದನ್ನು ಮರೆಯುವಂತಿಲ್ಲ. ನಮ್ಮ ಕಾಫಿ ಹೇರಿದ್ದ ಬಾಡಿಗೆ ಲಾರಿ ಬೊಮ್ಮಸಂದ್ರದ ಕಡೆಯ ಗೋದಾಮಿಗೆ ಹೊರಟಿತ್ತು. ಹೊಸೂರು ರಸ್ತೆಯ ಮೇಲ್ಸೇತುವೆಯ ಕೆಳಗೆ, ಬೆಳಗಿನ ಪಾಳಿಗೆ ಹೊರಟಿದ್ದ ಹೆಣ್ಣುಮಗಳೊಬ್ಬಳಿಗೆ ಬಡಿಯಿತು. ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಡ್ರೈವರ್ ಕುಡಿದಿರಲಿಲ್ಲ, ಹೊಸಬನೂ ಅಲ್ಲ. ಅವನ ಲಾರಿಯ ಹಿಂದೆ ಆ ಬೋರ್ಡೂ ಇತ್ತು! ನಗರದಲ್ಲಿ ಸರಕು ವಾಹನಗಳನ್ನು ತಡೆಯುವ ಹೊತ್ತಾಗುವ ಮೊದಲೇ ದಾಟಬೇಕೆಂಬ ಆತುರ ಅವನದು. ಹಿಂದಿನ ಸಂಜೆ ಲೋಡು ತಡಮಾಡಿದವರು ನಾವು. “ಎಲ್ಲಿದ್ದೀಯಪ್ಪಾ, ಇನ್ನೂ ಎಷ್ಟು ಹೊತ್ತು?” ಎಂದು ಎರಡು ಸಲ ಫೋನು ಮಾಡಿದವರೂ ನಾವೇ.

ಲೆಕ್ಕ ನೋಡಿ. 2010ರಲ್ಲಿ ತೆರೆದ ಆ ಮೇಲ್ಸೇತುವೆಯ ಉದ್ದ ಸುಮಾರು 10 ಕಿ.ಮೀ. ಅಷ್ಟು ದೂರವನ್ನು 60 ಕಿ.ಮೀ. ವೇಗದಲ್ಲಿ 10 ನಿಮಿಷಕ್ಕೆ ದಾಟಬಹುದು, 40ರಲ್ಲಿ 15 ನಿಮಿಷಕ್ಕೆ. ಉಳಿದದ್ದು ಐದೇ ನಿಮಿಷ, ಒಂದು ಲೋಟ ಕಾಫಿ ಕುಡಿಯುವ ಹೊತ್ತು. ಆದರೆ ಬ್ರೇಕು ತುಳಿದ ಮೇಲೆ ಲಾರಿ ನಿಲ್ಲಲು ಬೇಕಾದ ಜಾಗ ಎರಡು ಪಟ್ಟಿಗೂ ಮಿಕ್ಕುತ್ತದೆ.

ಪ್ರಚಾರವೇ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 1989ರಲ್ಲಿ ರಸ್ತೆಯಲ್ಲಿ ಸತ್ತವರು 776 ಮಂದಿ, 1992ರಲ್ಲಿ 396. ಆ ವರ್ಷಗಳಲ್ಲಿ ವ್ಯಾಪಾರ ಕುಸಿದು ಓಡಾಟ ಇಳಿದದ್ದೂ ಒಂದು ಕಾರಣವೆನ್ನಿ. ಆದರೂ ಅಲ್ಲಿ ಟೆಲಿವಿಷನ್ ಜಾಹೀರಾತಿನ ಬೆನ್ನಿಗೆ ವೇಗ ಹಿಡಿಯುವ ಕ್ಯಾಮೆರಾ, ದಂಡ ಎರಡೂ ಇದ್ದವು. ನಮ್ಮ ದೇಶದಲ್ಲಿ 2022ರಲ್ಲಿ ಅಪಘಾತದಿಂದ ಸತ್ತ 1,68,491 ಜನರಲ್ಲಿ ನೂರಕ್ಕೆ 71 ಸಾವುಗಳಿಗೆ ಅತಿವೇಗವೇ ಕಾರಣವೆಂದು ಸರ್ಕಾರದ ವರದಿ.

ದಂಡ ಹಾಕುವ ಅಧಿಕಾರ ನಮಗಿಲ್ಲ, ಬಾಡಿಗೆ ಕರಾರು ನಮ್ಮ ಕೈಯಲ್ಲಿದೆ. ತಡವಾದರೆ ಬಾಡಿಗೆಯಲ್ಲಿ ಮುರಿದುಕೊಳ್ಳುವ ಷರತ್ತನ್ನು ತೆಗೆಯಬೇಕು. ಸಂಜೆ ಐದರೊಳಗೆ ಲೋಡು ಮುಗಿಯಬೇಕು. ಅದಕ್ಕೆ ಸದಸ್ಯರು ಮೂಟೆಗಳನ್ನು ಮಧ್ಯಾಹ್ನವೇ ತಂದಿಳಿಸಬೇಕು. ಓಡುವ ಲಾರಿಗೆ ಕಚೇರಿಯಿಂದ ಫೋನು ಹೋಗಕೂಡದು. (ಶುಕ್ರವಾರ ರಾತ್ರಿ ಎಲೆಕ್ಟ್ರಾನಿಕ್ ಸಿಟಿಯಿಂದ ಕಾರಿನಲ್ಲಿ ಊರಿಗೆ ಬರುವ ಮಕ್ಕಳಿಗೆ ಗಳಿಗೆಗೊಮ್ಮೆ ಫೋನು ಮಾಡುವ ತಂದೆತಾಯಿಗಳೂ ಇದನ್ನು ಗಮನಿಸುವುದು.)

ಸಾಗಣೆ ಖರ್ಚು ಮೂಟೆಯೊಂದಕ್ಕೆ ಕೊಂಚ ಏರೀತು. ನಿರ್ಣಯವು ಮುಂದಿನ ಮಂಡಳಿ ಸಭೆಗೆ ಬರಲಿದೆ. ಆಕ್ಷೇಪಣೆ ಇರುವವರು ಅದಕ್ಕೆ ಮುಂಚೆ ಬರವಣಿಗೆಯಲ್ಲಿ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ