ಅಜ್ಜಿಯ ಓದು, ಮೊಮ್ಮಗಳ ಬರಹ

ಅಜ್ಜಿ, ತಾಯಿ, ಮೊಮ್ಮಗಳು ಈ ಮೂವರೂ ಅಕ್ಷರ ಬಲ್ಲವರಾಗಿರುವ ಮನೆಗಳು ನಮ್ಮ ನಾಡಿನಲ್ಲಿ ಬಹು ಹಿಂದಿನವಲ್ಲ. ಹೀಗಿದ್ದೂ ಇಂತಹ ಅನೇಕ ಮನೆಗಳಲ್ಲಿ ಒಬ್ಬರು ಬರೆದುದನ್ನು ಮತ್ತೊಬ್ಬರು ಓದಲಾರದ ಸ್ಥಿತಿಯು ಒದಗಿರುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಕಂಡಿರಬಹುದು.

ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಸಾಹೇಬರು 1843ನೆಯ ಇಸವಿಯ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಕಾಲಕ್ಕೆ ಓದಬಲ್ಲ ಹೆಂಗಸರು ಬಹು ವಿರಳ. ಓದೆಂಬುದು ಆಗ ಬಹುಮಟ್ಟಿಗೆ ಕಿವಿಯ ವ್ಯವಹಾರವಾಗಿದ್ದಿತು. ಒಬ್ಬರು ಓದಿದರೆ ಹತ್ತು ಜನರು ಕುಳಿತು ಕೇಳುತ್ತಿದ್ದರು. ಆ ಅಭ್ಯಾಸವು ನಮ್ಮ ಅಜ್ಜಿಯರವರೆಗೂ ಉಳಿದುಬಂದಿತು. ಅವರು ವರ್ತಮಾನಪತ್ರಿಕೆಯನ್ನು ತುಟಿಯಾಡಿಸದೆ ಓದಲಾರರು. ಕಾಗದ ಬರೆದರೆ 'ಉಭಯ ಕುಶಲೋಪರಿ'ಯಿಂದಲೇ ಆರಂಭ. ತಾಯಂದಿರ ತಲೆಮಾರು ಮೌನವಾಗಿ ಓದಲು ಕಲಿತಿತು. ತ್ರಿವೇಣಿಯವರ ಕಾದಂಬರಿಗಳನ್ನು ಒಲೆಯ ಮುಂದೆಯೂ ಬಿಡದವರು ಅವರಲ್ಲಿ ಅನೇಕರು. 1950ರಲ್ಲಿ ಬಂದ ಇನ್‌ಲ್ಯಾಂಡ್ ಕಾಗದದ ಅಂಚುಮಡಿಕೆಗಳಲ್ಲಿಯೂ ಸುದ್ದಿ ತುಂಬಿಸುತ್ತಿದ್ದವರೂ ಇವರೇ.

ಈಗಿನ ಹುಡುಗಿಯರು ಬರೆಯುವುದಿಲ್ಲವೆಂಬ ದೂರು ಸರಿಯಲ್ಲ. ಮೊಬೈಲಿನಲ್ಲಿ ಅವರು ದಿನವೊಂದಕ್ಕೆ ಬರೆಯುವಷ್ಟನ್ನು ಅಜ್ಜಿಯು ತಿಂಗಳಿಗೂ ಬರೆದಿರಲಾರಳು. ದುಃಖವಿರುವುದು ಬೇರೆಡೆ. ಅವರಲ್ಲಿ ಬಹುಮಂದಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಆ ಬರಹದಲ್ಲಿ ಹಾಲಿಗೂ ಹಾಳಿಗೂ ಭೇದವಿಲ್ಲ. ಕೊಳೆ ಎಂದರೆ ಕೊಲೆಯೂ ಆದೀತು! ಕನ್ನಡವೊಂದನ್ನೇ ಬಲ್ಲ ಅಜ್ಜಿಗೆ ಮೊಮ್ಮಗಳ ಕನ್ನಡವೇ ಪರಭಾಷೆಯಾಗಿ ತೋರುತ್ತದೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. 1998ರಲ್ಲಿ 'ಬರಹ' ತಂತ್ರಾಂಶವು ಬಂದಿತು. ಆದರೂ ಮೊದಮೊದಲಿನ ಅನೇಕ ಮೊಬೈಲುಗಳಲ್ಲಿ ಕನ್ನಡ ಬರೆಯುವ ಅನುಕೂಲವಿರಲಿಲ್ಲ. ಆ ತೊಡಕು ಈಗ ನಿವಾರಣೆಯಾಗಿದ್ದರೂ ರೂಢಿಯು ಹೋಗಲಿಲ್ಲ. ಹುಡುಗಿಯರನ್ನೇ ದೂರುವುದೂ ನ್ಯಾಯವಲ್ಲ. ಮಗಳ ಇಂಗ್ಲಿಷಿಗೆ ಹಿಗ್ಗಿ, ಅವಳ ಕನ್ನಡ ಕಾಗುಣಿತವನ್ನು ಒಂದು ದಿನವೂ ನೋಡದೆ ಬಿಟ್ಟವರು ನಾವಲ್ಲವೇ?

ಅಜ್ಜಿಯರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ವಾಟ್ಸಾಪಿನಲ್ಲಿ ಬರೆಯುವ ಬದಲು ಮಾತನಾಡಿಯೇ ಕಳುಹಿಸುತ್ತಾರೆ; ನಾಲ್ಕು ನಿಮಿಷದ ಕುಶಲವಾರ್ತೆ! ಕಣ್ಣಾಡಿಸಿ ಮುಂದೆ ಹೋಗುವ ಮೊಮ್ಮಗಳಿಗೆ ಅಷ್ಟು ಹೊತ್ತು ಕೇಳುವ ತಾಳ್ಮೆಯಿಲ್ಲ. ಹೀಗೆ ಇಬ್ಬರಲ್ಲಿಯೂ ಪ್ರೀತಿ ತುಂಬಿರುವಾಗಲೇ ಪರಸ್ಪರರ ಮಾತು ಅರ್ಧದಲ್ಲಿ ನಿಲ್ಲುತ್ತದೆ.

ಇನ್ನೊಂದು ನಷ್ಟವು ಸದ್ದಿಲ್ಲದೆ ನಡೆಯುತ್ತಿದೆ. ಅಡಿಗೆಯ ವಿವರ, ಬಾಣಂತಿಯ ಪಥ್ಯ, ಹಾಡು, ಹಾಲಿನ ಲೆಕ್ಕ ಇವೆಲ್ಲವನ್ನೂ ಒಂದರ ಮೇಲೊಂದು ಬರೆದಿಟ್ಟ ಪುಸ್ತಕಗಳು ಅನೇಕ ಅಜ್ಜಿಯರ ಪೆಟ್ಟಿಗೆಯಲ್ಲಿವೆ. ಆ ಕೂಡುಬರಹವನ್ನು ಓದುವವರಿಲ್ಲದಿದ್ದರೆ ಅವು ಒಂದು ದಿನ ಹಳೆಯ ಕಾಗದದವನ ತಕ್ಕಡಿಗೆ ಹೋಗತಕ್ಕವೇ.

ಆದಕಾರಣ ತಾಯಿತಂದೆಗಳಲ್ಲಿ ನನ್ನದೊಂದು ಬಿನ್ನಹ. ಬರುವ ಬೇಸಗೆಯ ರಜೆಯಲ್ಲಿ ಆ ಪುಸ್ತಕವನ್ನು ಅಜ್ಜಿಯು ಗಟ್ಟಿಯಾಗಿ ಓದಲಿ, ಮೊಮ್ಮಗಳು ಮೊಬೈಲಿನಲ್ಲಿಯೇ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳಲಿ. ದಿನಕ್ಕೆ ಒಂದು ಪುಟವಾದರೂ ಸಾಕು. ಪಾವು, ಚಟಾಕು ಎಂದಿರುವ ಕಡೆ ಅದು ಈಗಿನ ಯಾವ ಲೋಟಕ್ಕೆ ಸರಿಯೆಂಬುದನ್ನು ಹೇಗೂ ಅಜ್ಜಿಯನ್ನೇ ಕೇಳಬೇಕಾಗುವುದು.